ಟಿರ್ಜೆಪಟೈಡ್: ಎರಡೂ ರಿಸೆಪ್ಟರ್‌ಗಳ ಮೇಲೆ ಸೈಕ್ಲಿಕ್ ಎಎಂಪಿ ಅಳೆಯುವ ನನ್ನ ಕ್ರಮ

ಟಿರ್ಜೆಪಟೈಡ್ ಮಧುಮೇಹ, ಬೊಜ್ಜಿನ ಔಷಧ; ಕರುಳಿನ ಹಾರ್ಮೋನುಗಳಾದ ಜಿಐಪಿ, ಜಿಎಲ್‌ಪಿ-1 ಎರಡರ ರಿಸೆಪ್ಟರ್‌ಗಳನ್ನೂ (ಕೋಶದ ಮೇಲಿನ ಗ್ರಾಹಕಗಳು) ಚುರುಕುಗೊಳಿಸುತ್ತದೆ, ಆಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತದೆ. 39 ಅಮೈನೊ ಆಮ್ಲಗಳ ಈ ಪೆಪ್ಟೈಡ್ ಜಿಐಪಿ ರಿಸೆಪ್ಟರ್‌ಗೆ ಸಹಜ ಜಿಐಪಿಯಷ್ಟೇ ಬಿಗಿಯಾಗಿ ಕೂರುತ್ತದೆ; ಜಿಎಲ್‌ಪಿ-1 ರಿಸೆಪ್ಟರ್‌ನಲ್ಲಿ ಸಹಜ ಹಾರ್ಮೋನಿಗಿಂತ ಸುಮಾರು 5 ಪಟ್ಟು ಸಡಿಲ. ಈ 5 ಪಟ್ಟಿನ ವ್ಯತ್ಯಾಸವನ್ನು ತೂಕದ ತಪ್ಪು, ಪ್ಲಾಸ್ಟಿಕ್, ಆಲ್ಬುಮಿನ್ ಮೂರರಲ್ಲಿ ಯಾವುದು ಬೇಕಾದರೂ ನುಂಗಿಬಿಡುತ್ತದೆ.

ಮೊದಲು ತೂಕ. ಫ್ರೀಜರ್‌ನಿಂದ ತೆಗೆದ ವಯಲ್ ಕೋಣೆಯ ಬಿಸಿಗೆ ಬರುವವರೆಗೆ ನಾನು ಮುಚ್ಚಳ ತೆರೆಯುವುದಿಲ್ಲ. ಬೆಂಗಳೂರಿನ ಮಳೆಗಾಲದಲ್ಲಂತೂ ತಣ್ಣನೆಯ ಪುಡಿ ಗಾಳಿಯ ತೇವವನ್ನು ಕ್ಷಣದಲ್ಲೇ ಹೀರುತ್ತದೆ. ಅಣುತೂಕ 4813.5 ಆದ್ದರಿಂದ 1 ಮಿಲಿಗ್ರಾಂ ಎಂದರೆ 207.7 ನ್ಯಾನೊಮೋಲ್. ಆದರೆ ಪುಡಿಯಲ್ಲಿ ನೀರು, ಲವಣವೂ ಇರುತ್ತದೆ. ನಿವ್ವಳ ಪೆಪ್ಟೈಡ್ 85% ಇದ್ದರೆ 1 ಮಿಲಿಮೋಲಾರ್‌ಗೆ 208 ಅಲ್ಲ, 177 ಮೈಕ್ರೊಲೀಟರ್ ಡಿಎಂಎಸ್‌ಒ (ಕರಗಿಸುವ ದ್ರವ) ಸಾಕು. ಲೇಬಲ್ ನಂಬುವುದಕ್ಕಿಂತ 280 ನ್ಯಾನೊಮೀಟರ್ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆಂದು ಅಳೆಯುವುದು ಮೇಲು: ಒಂದು ಟ್ರಿಪ್ಟೊಫಾನ್, ಎರಡು ಟೈರೋಸಿನ್ ಸೇರಿ ಹೀರಿಕೆಯ ಗುಣಾಂಕ 8480. 20 ಮೈಕ್ರೊಮೋಲಾರ್‌ಗೆ 0.17 ಬರಬೇಕು. ಬ್ಲ್ಯಾಂಕ್‌ನಲ್ಲೂ (ಪೆಪ್ಟೈಡ್ ಇಲ್ಲದ ಹೋಲಿಕೆಯ ದ್ರಾವಣ) ಅಷ್ಟೇ ಡಿಎಂಎಸ್‌ಒ ಇರಲಿ, ಬಫರ್‌ನಲ್ಲಿ ಪ್ರೋಟೀನ್ ಬೇಡ.

ದುರ್ಬಲಗೊಳಿಸುವಾಗ ಮಾತ್ರ ಪ್ರೋಟೀನ್ ಬೇಕೇ ಬೇಕು, ಇಲ್ಲದಿದ್ದರೆ ಪಿಕೊಮೋಲಾರ್ ಹಂತದಲ್ಲಿ ಪೆಪ್ಟೈಡ್ ಗೋಡೆಗೆ ಅಂಟಿ ಮಾಯ. ಅಭ್ಯಾಸಬಲದಿಂದ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್) ಹಾಕುವವರೇ ಹೆಚ್ಚು. ಆದರೆ ಟಿರ್ಜೆಪಟೈಡ್‌ನ 20ನೇ ಲೈಸಿನ್‌ಗೆ ಜೋಡಿಸಿದ 20 ಕಾರ್ಬನ್‌ಗಳ ಕೊಬ್ಬಿನ ಆಮ್ಲ ಇರುವುದೇ ಆಲ್ಬುಮಿನ್ ಹಿಡಿಯಲು. ವಾರಕ್ಕೊಂದು ಚುಚ್ಚುಮದ್ದು ಸಾಕಾಗುವುದರ ಗುಟ್ಟೂ ಅದೇ. ಹಾಗಾಗಿ ಬಿಎಸ್‌ಎ ಇದ್ದರೆ ಕರ್ವ್ ಬಲಕ್ಕೆ ಸರಿಯುತ್ತದೆ, ಕೊಬ್ಬಿನ ಬಾಲವಿಲ್ಲದ ಸಹಜ ಜಿಐಪಿಯದು ಇದ್ದಲ್ಲೇ ಇರುತ್ತದೆ, ಹೋಲಿಕೆ ಸುಳ್ಳಾಗುತ್ತದೆ. ನಾನು ಬಳಸುವುದು 0.1% ಕೇಸಿನ್ (ಹಾಲಿನ ಪ್ರೋಟೀನ್), ಪೆಪ್ಟೈಡ್ ಅಂಟದ ಲೋ-ಬೈಂಡಿಂಗ್ ಟ್ಯೂಬ್. 100 ನ್ಯಾನೊಮೋಲಾರ್‌ನಿಂದ 3 ಪಟ್ಟಿನಂತೆ 10 ಹಂತ ಇಳಿದರೆ ಕೊನೆಗೆ 1.7 ಪಿಕೊಮೋಲಾರ್. ಪ್ರತಿ ಹಂತಕ್ಕೂ ಹೊಸ ಟಿಪ್.

384 ಬಾವಿಗಳ ಪ್ಲೇಟ್‌ನಲ್ಲಿ ಬಾವಿಗೆ ರಿಸೆಪ್ಟರ್ ಹೊತ್ತ ಸುಮಾರು 2,000 ಎಚ್‌ಇಕೆ293 (ಮಾನವ ಮೂತ್ರಪಿಂಡ ಮೂಲದ) ಕೋಶ, ಸೈಕ್ಲಿಕ್ ಎಎಂಪಿ ಒಡೆಯದಂತೆ ತಡೆಯುವ 500 ಮೈಕ್ರೊಮೋಲಾರ್ ಐಬಿಎಂಎಕ್ಸ್, 30 ನಿಮಿಷ, ಆಮೇಲೆ ಪ್ರತಿದೀಪ್ತಿಯಿಂದ ಸೈಕ್ಲಿಕ್ ಎಎಂಪಿ ಅಳೆಯುವ ಎಚ್‌ಟಿಆರ್‌ಎಫ್. ಸೈಕ್ಲಿಕ್ ಎಎಂಪಿ ಏರಿದಂತೆ ಇಲ್ಲಿ ಸಿಗ್ನಲ್ ಇಳಿಯುತ್ತದೆ. ಸ್ಟ್ಯಾಂಡರ್ಡ್ ಕರ್ವ್‌ನಿಂದ ಪರಿವರ್ತಿಸದೆ ಕಚ್ಚಾ ಅನುಪಾತಕ್ಕೇ ಇಸಿ50 (ಅರ್ಧ ಪರಿಣಾಮ ಕೊಡುವ ಸಾಂದ್ರತೆ) ಹೊಂದಿಸಿದರೆ ಅದು ಬರಿ ಅಂಕಿ. ರಿಸೆಪ್ಟರ್ ಇಲ್ಲದ ಕೋಶಗಳ ಸಾಲೊಂದು ಪಕ್ಕದಲ್ಲಿರಲಿ.

ರಿಸೆಪ್ಟರ್ ವಿಪರೀತ ತುಂಬಿದ ಕೋಶದಲ್ಲಿ ಅರೆಬರೆ ಅಗೊನಿಸ್ಟ್ (ರಿಸೆಪ್ಟರ್ ಅನ್ನು ಚಾಲೂ ಮಾಡುವ ಅಣು) ಕೂಡ ಪೂರ್ಣ ಅಗೊನಿಸ್ಟ್‌ನಂತೆ ಕಾಣುತ್ತದೆ. ಜಿಎಲ್‌ಪಿ-1 ರಿಸೆಪ್ಟರ್‌ನಲ್ಲಿ ಟಿರ್ಜೆಪಟೈಡ್ ಸೈಕ್ಲಿಕ್ ಎಎಂಪಿಗೆ ಒಲಿದು ಬೀಟಾ-ಅರೆಸ್ಟಿನ್ (ರಿಸೆಪ್ಟರ್‌ನ ಸಂದೇಶವನ್ನು ತಣಿಸುವ ಪ್ರೋಟೀನ್) ಅನ್ನು ಕಡಿಮೆ ಕರೆಯುತ್ತದೆ ಎಂಬುದನ್ನು ನೋಡಬೇಕಾದರೆ ಕಡಿಮೆ ರಿಸೆಪ್ಟರ್ ಇರುವ ಕೋಶಗಳ ಲೈನ್ ಒಂದು ಬೇಕು.

ಮುಂದಿನ ಹೆಜ್ಜೆ ಇಲಿಯಾದರೆ, ಇಲಿಯ ಜಿಐಪಿ ರಿಸೆಪ್ಟರ್‌ನ ಕೋಶಗಳಲ್ಲೂ ಇದೇ ಪ್ಲೇಟ್ ಓಡಿಸಿ. ಟಿರ್ಜೆಪಟೈಡ್ ಅಲ್ಲಿ ಬಹಳ ದುರ್ಬಲ. ಸಾಮಾನ್ಯ ಇಲಿಯಲ್ಲಿ ಕಾಣುವ ಫಲ ಬಹುಪಾಲು ಜಿಎಲ್‌ಪಿ-1 ಕಡೆಯದು.