ಗೊಡ್ಡು ತೊಗರಿ: ಬದುವಿನ ಬಳ್ಳಿಯಲ್ಲಿ ನುಸಿ ಇದೆಯೇ, ನೋಡುವುದು ಹೇಗೆ?

ತೊಗರಿ ಗಿಡ ತಿಳಿಹಸಿರು ಬಣ್ಣಕ್ಕೆ ತಿರುಗಿ, ಎಲೆ ಸಣ್ಣದಾಗಿ, ಪೊದೆಗಟ್ಟಿ ಹೂವನ್ನೇ ಬಿಡದಿದ್ದರೆ ಅದು ಗೊಡ್ಡು ರೋಗ. ಬಿತ್ತಿದ 45 ದಿನಗಳೊಳಗೆ ತಗುಲಿದರೆ ಆ ಗಿಡದಿಂದ ಕಾಳಿನ ಆಸೆ ಬಿಡಬೇಕು. ಈ ರೋಗದ ನಂಜನ್ನು (ವೈರಸ್) ಹೊತ್ತು ತರುವುದು ಅಸೇರಿಯಾ ಕಜಾನಿ ಎಂಬ ನುಸಿ. ಕಂಡಕಂಡ ಕಳೆಯಲ್ಲಿ ಇದು ಬದುಕುವುದಿಲ್ಲ. ತೊಗರಿ ಮತ್ತು ಅದರ ಕೆಲವೇ ಕಾಡು ಬಂಧುಗಳು ಇದಕ್ಕೆ ಆಸರೆ. ಆದ್ದರಿಂದ ಬದುವನ್ನೆಲ್ಲ ಬೋಳಿಸುವ ಮೊದಲು ಬಳ್ಳಿಯನ್ನು ಗುರುತಿಸಿ.

ಹುಡುಕಬೇಕಾದ್ದು ತೊಗರಿಯ ಕಾಡು ಬಂಧು ಕಜಾನಸ್ ಸ್ಕಾರಬಿಯಾಯ್ಡಿಸ್. ಹುಲ್ಲು, ಪೊದೆಗೆ ಸುತ್ತಿಕೊಳ್ಳುವ ತೆಳು ಬಳ್ಳಿ. ಒಂದೊಂದು ತೊಟ್ಟಿಗೆ ಮೂರು ಎಲೆ, ಮುಟ್ಟಿದರೆ ಮಖಮಲ್ಲಿನಂತೆ ನವಿರು. ಹಳದಿ ಹೂ ತೊಗರಿಯದಕ್ಕಿಂತ ಚಿಕ್ಕದು. ರೋಮ ತುಂಬಿದ ಗಿಡ್ಡ ಕಾಯಿಯಲ್ಲಿ ಕಾಳುಗಳ ನಡುವೆ ಅಡ್ಡಗೆರೆ ತಗ್ಗು ಕಾಣುತ್ತದೆ. ಬಹುವಾರ್ಷಿಕ ಬಳ್ಳಿಯಾದ್ದರಿಂದ ಹೊಲ ಖಾಲಿ ಇರುವ ಬೇಸಿಗೆಯಲ್ಲೂ ಇದು ನುಸಿಯನ್ನು ಸಾಕಬಲ್ಲದು.

ನುಸಿ ಬರಿಗಣ್ಣಿಗೆ ಕಾಣದು. ಉದ್ದ ಸುಮಾರು 0.2 ಮಿ.ಮೀ. ಎಳೆಯ ಎಲೆಗಳನ್ನು ಕಿತ್ತು, ಬಾಡುವ ಮೊದಲೇ ತಳಭಾಗವನ್ನು 20 ಪಟ್ಟು ಅಥವಾ ಹೆಚ್ಚು ದೊಡ್ಡದಾಗಿಸುವ ಲೆನ್ಸ್‌ನಲ್ಲಿ ನೋಡಿ. ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು. ರೋಮಗಳ ನಡುವೆ ಕದಿರಿನಾಕಾರದ, ಮುಂದಿನ ತುದಿಯಲ್ಲಿ ಎರಡೇ ಜೊತೆ ಕಾಲಿರುವ ಜೀವಿ ತೆವಳುತ್ತಿದ್ದರೆ ಅದೇ. ಬಲೆ ಕಂಡರೆ ಅದು ಬೇರೆ ಜಾತಿಯ, ನಾಲ್ಕು ಜೊತೆ ಕಾಲಿನ ಜೇಡನುಸಿ. ಹಲವರು ಎಡವುವುದು ಇಲ್ಲೇ: ಗೊಡ್ಡು ರೋಗದ ನುಸಿ ಬಲೆ ನೇಯುವುದಿಲ್ಲ, ಎಲೆ ಸುಡುವುದಿಲ್ಲ.

ನುಸಿ ಕಂಡಮಾತ್ರಕ್ಕೆ ನಂಜಿದೆ ಎನ್ನಲಾಗದು. ಖಾತ್ರಿಗೆ ಕುಂಡದಲ್ಲಿ ಮಾರುತಿ (ಐಸಿಪಿ 8863) ಬಿತ್ತಿ. ಸೊರಗು ರೋಗ ತಾಳುವ ಈ ತಳಿ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಸಸಿಗೆ 10–15 ದಿನವಾದಾಗ ಬಳ್ಳಿಯ ತಾಜಾ ಎಲೆಯನ್ನು ತಳಭಾಗ ಒಳಗೆ ಬರುವಂತೆ ಮಡಚಿ, ಸಸಿಯ ಎಲೆಯನ್ನು ನಡುವೆ ಇಟ್ಟು ಸ್ಟೇಪ್ಲರ್ ಪಿನ್ ಹೊಡೆಯಿರಿ. ಎಲೆ ಒಣಗುತ್ತಿದ್ದಂತೆ ನುಸಿಗಳು ಸಸಿಗೆ ದಾಟುತ್ತವೆ. ಎರಡು ಮೂರು ವಾರದಲ್ಲಿ ಹೊಸ ಎಲೆಗಳಲ್ಲಿ ತಿಳಿ–ಗಾಢ ಹಸಿರಿನ ಮಚ್ಚೆ ಮೂಡಬೇಕು. ಎಲೆ ಅಂಟಿಸದ ಒಂದೆರಡು ಕುಂಡಗಳನ್ನೂ ಜೊತೆಗಿಡಿ. ಗಾಳಿಯಲ್ಲಿ ತೇಲಿಬರುವ ನುಸಿಯಿಂದ ಅವೂ ರೋಗಕ್ಕೆ ತುತ್ತಾದರೆ ಪರೀಕ್ಷೆ ಕೆಟ್ಟಿತು, ರೋಗದ ಹೊಲದಿಂದ ದೂರದಲ್ಲಿ ಮತ್ತೆ ಮಾಡಿ.

ಮಚ್ಚೆ ಬಂದರೆ ಹೊಲದಂಚಿನ ಆ ಬಳ್ಳಿಗಳನ್ನು ಬಿತ್ತನೆಗೆ ಮೊದಲೇ ಬೇರುಸಹಿತ ತೆಗೆಯಿರಿ. ಹೊಲದಲ್ಲಿ ಉಳಿದ ಕೂಳೆ ತೊಗರಿ, ತಾನಾಗಿ ಹುಟ್ಟಿದ ತೊಗರಿ ಇನ್ನೂ ಅಪಾಯ, ಅವನ್ನು ಮೊದಲು ಕೀಳಿ. ಗುಡ್ಡದ ಬಳ್ಳಿಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ: ಕಾಯಿಕೊರಕವನ್ನು ತಡೆಯುವ ಗುಣಕ್ಕಾಗಿ ತಳಿ ವಿಜ್ಞಾನಿಗಳು ಇದೇ ಬಳ್ಳಿಯನ್ನು ಬಳಸುತ್ತಾರೆ.