ಶುಂಠಿಯ ಸಂಜೆ ಏಳರ ಕಾಟ ನಿಂತಿದ್ದು ಹೀಗೆ

ನಮ್ಮ ಜಾಕ್ ರಸೆಲ್ ಟೆರಿಯರ್ ನಾಯಿಮರಿ ಶುಂಠಿಗೆ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಅಮ್ಮನ ತುಳಸಿ ಕುಂಡ ಎರಡು ಸಲ ಬುಡಮೇಲಾಗಿತ್ತು. ಸಂಜೆ ಏಳಾದರೆ ಸಾಕು, ಮೈಮೇಲೆ ದೆವ್ವ ಬಂದ ಹಾಗೆ ಹಾಲಿನಿಂದ ಅಡುಗೆಮನೆಗೆ ಓಟ. ಹಿಮ್ಮಡಿಗೆ ಬಾಯಿ, ಅಮ್ಮನ ಸೀರೆ ಸೆರಗಿಗೆ ಜೋತು ಬೀಳುವುದು. "ಇದನ್ನ ತಂದವರಿಗೇ ವಾಪಸ್ ಕೊಟ್ಟು ಬಾರೋ" ಅಂತ ದಿನಾ ಮಂಗಳಾರತಿ.

ಸುಸ್ತಾಗಲಿ ಅಂತ ಇನ್ನಷ್ಟು ಓಡಿಸಿದೆ. ಅದು ಸುಸ್ತಾಗಲಿಲ್ಲ, ನಾನಾದೆ. ಆಮೇಲೆ ಹೊಳೆಯಿತು, ಇದು ನಿದ್ದೆಗೆಟ್ಟ ಮಗುವಿನ ರಂಪ. ಇಂಥ ಮರಿಗಳಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕಂತೆ. ಈಗ ಗಂಟೆ ಹೊತ್ತು ಆಡಿದ ಮೇಲೆ ಕ್ರೇಟಿನೊಳಗೆ, ಅಂದರೆ ಅದು ಮಲಗುವ ಗೂಡಿನೊಳಗೆ, ಬಿಟ್ಟು, ಗಾಳಿಯಾಡುವ ಹಾಗೆ ಅಪ್ಪನ ಹಳೆ ಪಂಚೆ ಹೊದಿಸುತ್ತೇನೆ. ಮೂರು ದಿನ ಕುಂಯ್‌ಗುಟ್ಟಿತು. ನಾಲ್ಕನೇ ದಿನ ತಾನೇ ಹೋಗಿ ಮಲಗಿತ್ತು, ಬಾಯಲ್ಲಿ ನನ್ನ ಕಾಲುಚೀಲ.

ಕಚ್ಚಿದಾಗ ಕೂಗುವುದನ್ನೂ ಬಿಟ್ಟೆ. ಕೂಗಿದಷ್ಟೂ ಅದಕ್ಕೆ ಆಟ. ಮಾತಾಡದೆ ಎದ್ದು ಅರ್ಧ ನಿಮಿಷ ಬಾಗಿಲಾಚೆ ನಿಲ್ಲುತ್ತೇನೆ, ಅಷ್ಟೇ.

ತೋಡುವ ಚಟ ಬಿಡಿಸಲು ಹೋಗಲಿಲ್ಲ. ಬಿಲದಲ್ಲಿ ಅಡಗಿದ ನರಿಯನ್ನು ಹೊರಗೋಡಿಸಲೆಂದೇ ಇಂಗ್ಲೆಂಡಿನಲ್ಲಿ ಬೆಳೆಸಿದ ತಳಿ, ಟೆರಿಯರ್ ಅನ್ನುವ ಹೆಸರು ಬಂದಿರುವುದೇ ಮಣ್ಣು ಅನ್ನುವ ಅರ್ಥದ ಪದದಿಂದ. ಟೆರೇಸಿನಲ್ಲಿ ಒಡೆದ ಪ್ಲಾಸ್ಟಿಕ್ ಟಬ್ಬಿಗೆ ಮರಳು ತುಂಬಿ ಹಗ್ಗದ ಗಂಟು, ರಬ್ಬರ್ ಚೆಂಡು ಹೂತಿಟ್ಟೆ. ಕುಂಡದ ಹತ್ತಿರ ಹೋದಾಗಲೆಲ್ಲ ಎತ್ತಿ ಟಬ್ಬಿಗೆ ಬಿಟ್ಟೆ. ಎರಡು ವಾರ ಹಿಡಿಯಿತು.

ತುಳಸಿ ಚಿಗುರಿದೆ. ಟೆರೇಸಿನ ಮರಳು ಗುಡಿಸುವ ಕೆಲಸ ಮಾತ್ರ ನನ್ನ ತಲೆಗೇ ಬಂದಿದೆ.