ಹುಲಿ ಎಣಿಸೋಕೆ ಕ್ಯಾಮೆರಾ ಕಟ್ಟೋದು ಹೆಂಗೆ

ಮೊದ್ಲು ಅರಣ್ಯ ಇಲಾಖೆ ಪರ್ಮಿಷನ್, ಅದಿಲ್ದೆ ಕಾಡೊಳಗೆ ಕಾಲಿಡಂಗಿಲ್ಲ. ಆಮೇಲೆ ಹೆಜ್ಜೆ, ಹಿಕ್ಕೆ, ಮರದ ಮೇಲೆ ಉಗುರು ಗೀರಿರೋ ಕಾಡುದಾರಿ ನೋಡ್ಕೊಂಡು ಎರಡೂ ಕಡೆ ಒಂದೊಂದು ಕ್ಯಾಮೆರಾನ (ಎದುರಿಗೆ ಏನಾದ್ರೂ ಅಲ್ಲಾಡಿದ್ರೆ ತಾನೇ ಫೋಟೋ ಹೊಡೆಯೋದು) ಮೊಣಕಾಲೆತ್ತರಕ್ಕೆ, ಅಂದ್ರೆ ಸುಮಾರು 45 ಸೆಂಟಿಮೀಟರ್‌ಗೆ, ಮರಕ್ಕೆ ಬಿಗೀರಿ. ಎರಡ್ಯಾಕೆ ಅಂದ್ರೆ ಯಾವ ಹುಲಿ ಅಂತ ಗುರುತು ಹಿಡಿಯೋದೇ ಪಟ್ಟೆ ನೋಡಿ, ಆದ್ರೆ ಹುಲಿಗೆ ಎಡಮೈ ಪಟ್ಟೆನೇ ಬೇರೆ ಬಲಮೈದೇ ಬೇರೆ, ಒಂದೊಂದ್ಸಲ ಒಂದೊಂದು ಮಗ್ಗುಲು ಸಿಕ್ರೆ ಒಂದೇ ಹುಲಿನ ಎರಡು ಅಂತ ಎಣಿಸ್ಬಿಡ್ತೀವಿ. ನಾಗರಹೊಳೆಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಲೆಕ್ಕ ಹಾಕಿದ್ದೂ ಈ ಪಟ್ಟೆ ನೋಡ್ಕೊಂಡೇ. ಎದುರಿನ ಹುಲ್ಲು ಸವರಿ, ಇಲ್ಲಾಂದ್ರೆ ಗಾಳಿಗೆ ಹುಲ್ಲಾಡಿದ್ದೇ ನೂರಾರು ಫೋಟೋ. ಡೇಟು ಟೈಮು ಸೆಟ್ ಮಾಡಿ, ನೀವೇ ಅಂಬೆಗಾಲಲ್ಲಿ ಹುಲಿ ಥರ ಅದರ ಮುಂದೆ ಹೋಗಿ ಟೆಸ್ಟ್ ಮಾಡಿ, ನಾಚ್ಕೋಬೇಡಿ. ಆನೆ ಬಂದು ಕಿತ್ತು ಬಿಸಾಕಿದ್ರೆ ಮಾತ್ರ ಏನೂ ಮಾಡಂಗಿಲ್ಲ, ಅದರ ಸೊಂಡಿಲ ಫೋಟೋ ಆದ್ರೂ ಸಿಗತ್ತೆ.